ಊದಬಾರದ ಧೂಳು

ಬೆಳಿಗ್ಗೆ ಐದೂವರೆ. ನಂದಿದುರ್ಗ ಚಿನ್ನದ ಗಣಿಯ ಹಳೆಯ ಕಲ್ಲು ಕಟ್ಟಡದ ಮುಂದೆ ಮೊಪೆಡ್ ನಿಲ್ಲುತ್ತದೆ. ಹಿಂದೆ ಕೂತಿದ್ದ ಗಂಗರತ್ನಮ್ಮ ಇಳಿದು, ಗಂಡ ಮುನಿನಾರಾಯಣಪ್ಪನವರ ಮುಂದಿರುವ ಹಾಲಿನ ಕ್ಯಾನಿನ ಮುಚ್ಚಳವನ್ನು ಒಮ್ಮೆ ಒತ್ತಿ ನೋಡಿ ಒಳಗೆ ಹೋಗುತ್ತಾರೆ. ಬಳೆಗಳನ್ನು ಮೊಣಕೈಯತ್ತ ಸರಿಸಿ, ಜಾರದಂತೆ ಬಟ್ಟೆ ಸುತ್ತುತ್ತಾರೆ. ಮುಖಕ್ಕೆ ಒಂದರ ಮೇಲೊಂದು ಎರಡು ಮಾಸ್ಕ್. ಒಂದು ಸಾಲದೇ ಎಂದರೆ ಉತ್ತರ ಸಿದ್ಧವಿದೆ: "ನನ್ ಬಾಯಿ ಮ್ಯಾಲೆ ನಂಗೇ ನಂಬ್ಕೆ ಇಲ್ಲ."

ಏಳು ಗಂಟೆಗೆ ರಸ್ತೆಯಲ್ಲಿ ಲಾರಿಗಳು ಶುರುವಾಗುತ್ತವೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಎಲ್ಲವೂ ನಡುಗುತ್ತದೆ. ಅಷ್ಟರೊಳಗೆ ಒಂದು ಕಣವನ್ನು ಹೊರತೆಗೆಯಬೇಕು. ಹದಿನಾಲ್ಕು ತಿಂಗಳ ನಂತರ ಸೂಜಿ ಇವತ್ತು ಮತ್ತೆ ಅವರ ಕೈಗೆ ಬಂದಿದೆ.

ನಮ್ಮ ಸೂರ್ಯಮಂಡಲ ನಿಂತಲ್ಲಿ ನಿಂತಿಲ್ಲ. ನಕ್ಷತ್ರಗಳ ನಡುವಿನ ಧೂಳನ್ನು ಸೀಳಿಕೊಂಡು ಸಾಗುತ್ತಿದೆ. ಆ ಧೂಳು ಒಂದೇ ದಿಕ್ಕಿನಿಂದ ಒಳಬಂದು, ಗ್ರಹಗಳ ನಡುವೆ ಹಾದು, ಹೊರಟುಹೋಗುತ್ತದೆ. ಅದನ್ನು ಹಿಡಿಯಲೆಂದು ನೌಕೆಯೊಂದು ಹೆಪ್ಪುಗಟ್ಟಿದ ಹೊಗೆಯಂಥ ಹಗುರ ಜೆಲ್ಲಿನ ಹಲಗೆಗಳನ್ನು ವರ್ಷಗಟ್ಟಲೆ ಹೊತ್ತು ತಿರುಗಿ ಮರಳಿದೆ. ಬಡಿದ ಕಣ ಜೆಲ್ಲಿನಲ್ಲಿ ಕೂದಲಿಗಿಂತ ತೆಳುವಾದ ಗೀರು ಕೊರೆದು, ಅದರ ತುದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಹೆಬ್ಬೆರಳ ಉಗುರಿನಷ್ಟು ಒಂದು ತುಂಡು ಈ ಪುಟ್ಟ ಪ್ರಯೋಗಾಲಯಕ್ಕೆ ಬಂದಿದೆ. ನಾಲ್ಕು ವರ್ಷಗಳಲ್ಲಿ ಗಂಗರತ್ನಮ್ಮ ಅದರ ಮೂವತ್ತೊಂದು ಸಾವಿರ ಚಿತ್ರಗಳನ್ನು ನೋಡಿದ್ದಾರೆ. ಅನುಮಾನ ಬಂದದ್ದು ಅರವತ್ತಮೂರರ ಮೇಲೆ. ಹೊರತೆಗೆದು ಪರೀಕ್ಷೆಗೆ ಕಳಿಸಲಾದದ್ದು ಒಂಬತ್ತು. ಒಂಬತ್ತೂ ನೌಕೆಯ ಮೈಯಿಂದಲೇ ಸಿಡಿದ ಚೂರುಗಳು.

ಕಟ್ಟಡದ ಕಾವಲಿಗಿರುವ ಪೆರುಮಾಳ್ ಹಿಂದೆ ಗಣಿಯಲ್ಲಿದ್ದವರು. ಅವರಿಗೆ ಈ ಲೆಕ್ಕವೇ ನಗೆ ತರಿಸುತ್ತದೆ. "ನಾವು ಒಂದು ಟನ್ ಕಲ್ಲು ಒಡದ್ರೆ ನಾಕು ಗ್ರಾಂ ಸಿಕ್ತಿತ್ತು. ಈ ಅಕ್ಕ ನಾಕು ವರ್ಷದಿಂದ ಅರ್ಧ ಗ್ರಾಮೂ ಕೊಟ್ಟಿಲ್ಲ."

ಗಂಗರತ್ನಮ್ಮ ತಲೆಯೆತ್ತುವುದಿಲ್ಲ. "ನೀನು ತೆಗ್ದಿದ್ದು ಎಲ್ಲೋಯ್ತೋ ಪೆರುಮಾಳು? ನಿನ್ನೆಂಡ್ತಿ ಕಿವೀಲಂತೂ ಇಲ್ಲ."

ಐವತ್ನಾಲ್ಕರ ಈ ಹೆಣ್ಣುಮಗಳು ಹುಡುಗಿಯಾಗಿದ್ದಾಗ, ಮಳೆ ಬಿದ್ದ ಮರುದಿನ ತಾಯಿಯ ಜೊತೆ ಹಳ್ಳಕ್ಕೆ ಹೋಗುತ್ತಿದ್ದರು. ಮರದ ಮರಿಗೆಯಲ್ಲಿ ಮರಳು ತೊಳೆದು, ತಳದಲ್ಲಿ ಉಳಿದ ಕರಿಮರಳನ್ನು ತಟ್ಟೆಗೆ ಸುರಿದು ಒಣಗಿಸಿ, ಮೆಲ್ಲಗೆ ಊದುವುದು. ಕರಿಮರಳು ಹಾರಿಹೋಗುತ್ತದೆ, ತೂಕದ ಚಿನ್ನ ಉಳಿಯುತ್ತದೆ. ಎಷ್ಟು ಊದಬೇಕೆಂದು ತಾಯಿ ಮಗಳ ಬೆನ್ನ ಮೇಲೆ ಬೆರಳಿಟ್ಟು, ಒತ್ತಿದಾಗ ಊದು, ಬಿಟ್ಟಾಗ ನಿಲ್ಲಿಸು ಎಂದು ಕಲಿಸಿದರಂತೆ. ಕೈಚಳಕವಿದ್ದವರು ಬೇಕೆಂದು ಪ್ರಯೋಗಾಲಯ ಹುಡುಕುತ್ತಿದ್ದಾಗ ಅವರು ಬಂದದ್ದು ಈ ಕಸುಬಿನ ಬಲದಿಂದ. ಆಯ್ಕೆಯ ಪರೀಕ್ಷೆಗೆ ಕೊಟ್ಟ ಇಕ್ಕಳದಿಂದ ಮಾದರಿ ಕಣ ಪುಡಿಯಾದಾಗ ಮರುದಿನ ತಮ್ಮದೇ ಉಪಕರಣ ತಂದರು. ಬೆಂಕಿಕಡ್ಡಿಯ ತುದಿಗೆ ಅಂಟಿಸಿದ, ಕರುವಿನ ಕಣ್ಣಿನಿಂದ ಉದುರಿದ ಒಂದೇ ಒಂದು ರೆಪ್ಪೆಗೂದಲು. ಇವತ್ತಿಗೂ ಇಲ್ಲಿ ಕಣವೆತ್ತುವುದು ಅದರಿಂದಲೇ.

ಆ ಕಸುಬೇ ಒಂದು ದಿನ ಅವರನ್ನು ಕೆಡವಿತು. ಹತ್ತನೆಯ ಕಣವನ್ನು ಜೆಲ್ಲಿನಿಂದ ಬಿಡಿಸಿ ಗಾಜಿನ ಮೇಲಿಟ್ಟಿದ್ದರು. ಸುತ್ತ ಜೆಲ್ಲಿನ ಪುಡಿ ಬಿದ್ದಿತ್ತು. ಮಸೂರ ಮಂಜಾಗುತ್ತದೆಂದು ಮಾಸ್ಕ್ ಕೆಳಗಿಳಿಸಿದ್ದರು. ಪುಡಿ ಹಾರಲೆಂದು ಊದಿದರು. ಚಿನ್ನವಾಗಿದ್ದರೆ ಉಳಿಯುತ್ತಿತ್ತು.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಣ ಸಿಗಲೇ ಇಲ್ಲ ಎಂದಿದ್ದರೂ ನಡೆಯುತ್ತಿತ್ತು. "ಮಾಸ್ಕು ಮ್ಯಾಕ್ಕೆ ಎಳ್ಕಂಡೆ. ಆಮೇಕೆ ಓಗಿ ಯೋಳ್ದೆ, ನಾನು ಊದ್ಬುಟ್ಟೆ ಮೇಡಮ್ಮು ಅಂತ."

ಪ್ರಯೋಗಾಲಯದ ಹೊಣೆ ಹೊತ್ತ ಸುಕನ್ಯ ಅವರು ಬೈಯಲಿಲ್ಲ. ಮೂರು ದಿನ ಇಬ್ಬರೂ ನೆಲದ ಮೇಲೆ ಅಂಟುಪಟ್ಟಿ ಒತ್ತಿ ಹುಡುಕಿದರು. ಸಿಗಲಿಲ್ಲ. ನಂತರ ಗಂಗರತ್ನಮ್ಮನ ಪಾಲಿಗೆ ಚಿತ್ರ ನೋಡುವ ಕೆಲಸವಷ್ಟೇ ಉಳಿಯಿತು. ಆ ತಿಂಗಳು ಹಾಲು ಕರೆಯುವಾಗಲೂ ಅವರು ಉಸಿರು ಬಿಗಿಹಿಡಿಯುತ್ತಿದ್ದರೆಂದು ಮುನಿನಾರಾಯಣಪ್ಪ ಹೇಳುತ್ತಾರೆ.

ಕಳೆದ ತಿಂಗಳು, ಕಂಪ್ಯೂಟರು ಬಿರುಕೆಂದು ತಳ್ಳಿಹಾಕಿದ್ದ ಚಿತ್ರವೊಂದನ್ನು ಗಂಗರತ್ನಮ್ಮ ಮತ್ತೆ ನೋಡಲೆಂದು ಪಕ್ಕಕ್ಕಿಟ್ಟರು. ಬಿರುಕು ಹೀಗೆ ಕೊನೆಯಲ್ಲಿ ಸಣ್ಣಗಾಗುವುದಿಲ್ಲ ಎಂದು ಹಟ ಹಿಡಿದರು. ಸುಕನ್ಯ ಎಂಟು ದಿನ ಅಳೆದು ನೋಡಿದರು. ಗೀರು ಹೌದು. ಸೂರ್ಯಮಂಡಲದ ಹೊರಗಿನ ಧೂಳು ಹರಿದು ಬರುವ ದಿಕ್ಕಿಗೇ ಮುಖ ಮಾಡಿದೆ. ಹೊರತೆಗೆಯಲು ಇರುವುದು ಒಂದೇ ಅವಕಾಶ. ಯಾರ ಕೈ ಎಂಬ ಪ್ರಶ್ನೆ ಬಂದಾಗ ಸುಕನ್ಯ ಹೇಳಿದ್ದಿಷ್ಟೇ: ಕಣ ಎಲ್ಲರಿಂದಲೂ ಕಳೆದುಹೋಗುತ್ತದೆ, ಹೇಗೆ ಕಳೆಯಿತೆಂದು ಬಂದು ಹೇಳುವವರು ಕಡಿಮೆ.

ಗಾಜಿನ ಸೂಜಿ ಗೀರಿನ ಸುತ್ತ ಚುಚ್ಚುತ್ತಾ ಹೋಗುತ್ತದೆ. ನೂರು, ಇನ್ನೂರು ಚುಚ್ಚು. ಜೆಲ್ಲಿನ ಒಂದು ಸಣ್ಣ ತ್ರಿಕೋನ ಸಡಿಲವಾಗುತ್ತದೆ. ಆರೂ ಮುಕ್ಕಾಲಿಗೆ ಅದು ಒಡೆಯುತ್ತದೆ, ಸುತ್ತೆಲ್ಲ ಪುಡಿ. ಗಂಗರತ್ನಮ್ಮನ ಕೈ ನಿಲ್ಲುತ್ತದೆ. ಪುಡಿಯನ್ನು ರೆಪ್ಪೆಗೂದಲಿಂದ ಒಂದೊಂದಾಗಿ ಸರಿಸುತ್ತಾರೆ. ಹನ್ನೊಂದು ನಿಮಿಷ. ಕಪ್ಪು ಚುಕ್ಕೆಯೊಂದು ಕೂದಲಿಗೆ ಅಂಟಿ ಮೇಲೆ ಬರುತ್ತದೆ, ಎರಡು ತೆಳು ಹಾಳೆಗಳ ನಡುವೆ ಇಳಿಯುತ್ತದೆ. ಸುಕನ್ಯ ಮೇಲಿನ ಹಾಳೆಯನ್ನು ಒತ್ತುತ್ತಾರೆ. ಹೊರಗೆ ಮೊದಲ ಲಾರಿ ಹಾದುಹೋಗುತ್ತದೆ.

ನಾಳೆ ಅದು ದೂರದ ದೊಡ್ಡ ಯಂತ್ರವೊಂದರ ಬಳಿಗೆ ಹೊರಡುತ್ತದೆ. ಫಲಿತಾಂಶಕ್ಕೆ ಆರು ತಿಂಗಳು. ಇದೂ ನೌಕೆಯ ಚೂರೇ ಆಗಿರಬಹುದೆಂದು ಸುಕನ್ಯ ಮೊದಲೇ ಎಚ್ಚರಿಸುತ್ತಾರೆ. ಗಂಗರತ್ನಮ್ಮ ಬಳೆಗೆ ಸುತ್ತಿದ ಬಟ್ಟೆ ಬಿಚ್ಚುತ್ತಾ ತಲೆಯಾಡಿಸುತ್ತಾರೆ. ಕಣವನ್ನು ಕಳಿಸುವ ಡಬ್ಬಿಯ ಮೇಲೆ ಅವರ ಹೆಸರು ಬರೆಯೋಣವೇ ಎಂದಾಗ ಬೇಡ ಎನ್ನುತ್ತಾರೆ. ಅವರಿಗೆ ಬೇಕಾದದ್ದು ಒಂದು ಫೋನ್ ಕರೆ. ಮೊದಲ ಒಂಬತ್ತು ಕಣಗಳ ಸುದ್ದಿ ಅವರಿಗೆ ತಿಳಿದದ್ದು ಎಲ್ಲರಿಗೂ ತಿಳಿದ ಮೇಲೆ.

"ಯಾವೂರಿಂದ ಬಂತು ಅಂತ ಗೊತ್ತಾದ್ ದಿನ ಮೊದ್ಲು ನಂಗೆ ಯೋಳಿ ಮೇಡಮ್ಮು. ಬಂದೋರ್ನ ಊರು ಕೇಳ್ದೆ ನಮ್ಮನೆಯಿಂದ ಯಾರ್ನೂ ಕಳ್ಸಿಲ್ಲ ನಾವು."