ಗೇರಿನಲ್ಲಿ ಬಿಟ್ಟ ಕಾರು

ಸುಟ್ಟ ಕ್ಲಚ್ ಪ್ಲೇಟಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಕಳೆದ ತಿಂಗಳು ಊರ ಹೊರಗಿನ ರೈಲ್ವೆ ಗೇಟು ತೆರೆದಾಗ ನನ್ನ ಮುಂದಿದ್ದ ಕಾರು ಆ ಸಣ್ಣ ಏರಿನಲ್ಲೇ ಒದ್ದಾಡಿತು. ಓಡಿಸುತ್ತಿದ್ದ ಹುಡುಗಿ ಆಕ್ಸಿಲರೇಟರ್ ಒತ್ತುತ್ತಿದ್ದಳೇ ಹೊರತು ಕ್ಲಚ್ಚಿನಿಂದ ಕಾಲು ತೆಗೆಯುತ್ತಿರಲಿಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ನಾನು ಕಿಟಕಿ ಏರಿಸದೆ ಆ ವಾಸನೆಯಲ್ಲೇ ಕೂತಿದ್ದೆ. "ವಾಸ್ನೆ ಬಂತು ಅಂದ್ರೆ ತಪ್ಪು ಎಡಗಾಲಿಂದು ಕಣ್ರೀ ಸಿಸ್ಟ್ರಮ್ಮ, ಕಾರಿಂದಲ್ಲ" ಎಂದು ಯಾರೋ ಪಕ್ಕದಲ್ಲೇ ಅಂದ ಹಾಗಾಯಿತು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ...

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಹೊನ್ನವಳ್ಳಿ ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿ. ಚುಚ್ಚುಮದ್ದಿನ ಡಬ್ಬಿ ಹೊತ್ತು ತಿಪಟೂರಿನಲ್ಲಿ ಬಸ್ಸಿಗೆ ಕಾಯುವುದೇ ಅರ್ಧ ಕೆಲಸವಾಗಿತ್ತು. ಮಾವನವರು ತೀರಿಕೊಂಡ ಮೇಲೆ ಅವರ ಹಳೆಯ ಬಿಳಿ ಕಾರು ಕೊಬ್ಬರಿ ಕೊಠಡಿಯ ಪಕ್ಕ ಧೂಳು ತಿನ್ನುತ್ತಾ ನಿಂತಿತ್ತು. ನನ್ನ ಯಜಮಾನರ ದೃಷ್ಟಿ ಮಂದ, ಅವರು ಓಡಿಸುವಂತಿರಲಿಲ್ಲ. "ನೀನೇ ಕಲಿ" ಎಂದರು. ಆ ಕಾರನ್ನು ಮೊದಲಿನಿಂದಲೂ ರಿಪೇರಿ ಮಾಡುತ್ತಿದ್ದವರು ನಮ್ಮ ಬೀದಿಯ ಕೊನೆಯ ಮೇಸ್ತ್ರಿ. ಅವರನ್ನೇ ಕೇಳಿದೆ. "ಕಲಿಸ್ತೀನಿ. ಆದ್ರೆ ನಾನು ಓಡ್ಸಲ್ಲ. ಮೊದಲ್ನೇ ದಿನದಿಂದ ನೀವೇ ಓಡಿಸ್ಬೇಕು" ಎಂದರು.

ಮೇಸ್ತ್ರಿಗೆ ಆಗ ನಲವತ್ತೈದಿರಬಹುದು. ಬೆರಳ ಸಂದಿನ ಗ್ರೀಸ್ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಶೆಡ್ಡಿಗೆ ಅಂಟಿಕೊಂಡ ಮನೆಯಲ್ಲಿ ತೀರಿಕೊಂಡ ಅಣ್ಣನ ಹೆಂಡತಿ, ಆಕೆಯ ಎರಡು ಹೆಣ್ಣುಮಕ್ಕಳು. ಅವರಿಗೆಲ್ಲ ಇವರೇ ದಿಕ್ಕು. ಅತ್ತಿಗೆ ಬೀದಿ ಕಡೆಯ ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದರು. ನನ್ನ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವರು ಅವರೇ.

ಬೆಳಿಗ್ಗೆ ಆರಕ್ಕೆ ಪಾಠ. ಊರು ದಾಟಿ ತೆಂಗಿನ ತೋಟಗಳ ನಡುವಿನ ದಾರಿಗೆ ಹೋಗುತ್ತಿದ್ದೆವು. ಮೊದಲ ವಾರ ಎಡಗಾಲಿಗಷ್ಟೇ ಕೆಲಸ. "ಕ್ಲಚ್ ಒತ್ತೋದು ಬೇಗ, ಬುಡೋದು ನಿಧಾನ. ಬುಡಿ... ಇನ್ನೂ ಬುಡಿ... ಇಂಜಿನ್ ದನಿ ಇಳೀತಲ್ಲ, ಮೂತಿ ಒಂಚೂರು ಎದ್ದಂಗಾಯ್ತಲ್ಲ, ಅಲ್ಲೇ ತಡೀರಿ. ಅದು ಕಚ್ಕೊಳ್ಳೋ ಜಾಗ. ಕಣ್ಣಿಗೆ ಕಾಣಲ್ಲ, ಕಾಲಿಗೆ ಗೊತ್ತಾಗ್ಬೇಕು" ಎನ್ನುತ್ತಿದ್ದರು. ಗೇರು ಬದಲಾಯಿಸುವಾಗ ನಾನು ಕೆಳಗೆ ನೋಡಿದರೆ ಲಿವರಿನ ತಲೆಯ ಮೇಲೆ ತಮ್ಮ ಅಂಗೈ ಮುಚ್ಚಿಬಿಡುವರು. ಗಟ್ಟಿಯಾಗಿ ಹಿಡಿದು ಕೀಳಲು ಹೋದರೆ, "ಕಿತ್ಕೋಬೇಡಿ. ಬೆರಳಲ್ಲಿ ತಳ್ಳಿ, ಅದೇ ಹೋಗ್ಕೂತ್ಕೊಳ್ಳುತ್ತೆ" ಎನ್ನುವರು. ಒಂದು ದಿನವೂ ರೇಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯರಾಗಿಬಿಡುತ್ತಿದ್ದರು. ಕಾರು ನಿಲ್ಲಿಸಿದ ಮೇಲೆ ಅದನ್ನು ಗೇರಿನಲ್ಲೇ ಬಿಡಬೇಕು. "ಮೂತಿ ಮೇಲಿದ್ರೆ ಫಸ್ಟು, ಮೂತಿ ಕೆಳಗಿದ್ರೆ ರಿವರ್ಸು. ಹ್ಯಾಂಡ್ ಬ್ರೇಕ್ ನಂಬ್ಬೇಡಿ" ಎಂದು ನನ್ನಿಂದಲೂ ಹೇಳಿಸುತ್ತಿದ್ದರು. ನಾನು ಇಳಿದ ಮೇಲೆ ಕಿಟಕಿಯಿಂದ ಕೈ ಹಾಕಿ ಲಿವರನ್ನು ಮುಟ್ಟಿ ನೋಡುವರು. ನಾಲ್ಕು ಹೆಜ್ಜೆ ನಡೆದು ಮತ್ತೆ ಹಿಂದಿರುಗುವರು.

ಒಂದು ದಿನ ಕೆರೆ ಏರಿಯ ಇಳಿಜಾರಿನಲ್ಲಿ ಕಾರು ನಿಲ್ಲಿಸಿ ಎದುರಿನ ಅಂಗಡಿಯಲ್ಲಿ ಟೀ ಕುಡಿಯಲು ಕೂತೆವು. ಲೋಟ ಖಾಲಿಯಾಗುವಷ್ಟರಲ್ಲಿ ಅವರು ಮೂರು ಸಲ ಎದ್ದುಹೋಗಿ ಗೇರು ಮುಟ್ಟಿ ಬಂದರು. ನನಗೆ ನಗು ಬಂತು. "ಏನ್ ಮೇಸ್ತ್ರಿಗಳೇ, ನನ್ಮೇಲೆ ಅಷ್ಟೂ ನಂಬ್ಕೆ ಇಲ್ವಾ?" ಎಂದೆ.

"ನಿಮ್ಮ ಮೇಲಲ್ಲ ಸಿಸ್ಟ್ರಮ್ಮ..." ಎಂದರು. ಆಮೇಲೆ ನೀರಿನ ಕಡೆ ನೋಡುತ್ತಾ ಹೇಳಿದರು.

ಅವರ ಅಣ್ಣನೂ ಮೆಕ್ಯಾನಿಕ್ ಆಗಿದ್ದನಂತೆ. ಆರು ವರ್ಷದ ಹಿಂದೆ ಯಾರದೋ ಕಾರು ಹ್ಯಾಂಡ್ ಬ್ರೇಕ್ ರಿಪೇರಿಗೆ ಬಂದಿತ್ತು. ಕೇಬಲ್ ಬಿಚ್ಚಿಟ್ಟಿದ್ದರು. ಇವರು ಅದನ್ನು ಒಂದು ಸುತ್ತು ಓಡಿಸಿಕೊಂಡು ಬಂದು, ಶೆಡ್ಡಿನ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದರು. ಅಣ್ಣ ಕಾರಿನ ಹಿಂದೆ ಹೋಗಿ ಕೂತ. ಕಾರು ಹಿಂದಕ್ಕೆ ಉರುಳಿ ಅವನನ್ನು ಎದುರಿನ ಕಲ್ಲುಗೋಡೆಗೆ ಒತ್ತಿತು. ಆಸ್ಪತ್ರೆಯವರೆಗೂ ಜೀವ ಇರಲಿಲ್ಲ.

"ಗೇರಲ್ಲಿ ಬುಟ್ಟಿದ್ನೋ, ನ್ಯೂಟ್ರಲ್ಲಲ್ಲಿ ಬುಟ್ಟಿದ್ನೋ... ನಂಗೆ ಗ್ಯಾಪ್ಕ ಇಲ್ಲ. ದಿನಾ ಕೂತು ಯೋಚ್ನೆ ಮಾಡ್ತೀನಿ, ಈ ಕೈಗೆ ಗ್ಯಾಪ್ಕ ಬರಲ್ಲ." ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ಹ್ಯಾಂಡ್ ಬ್ರೇಕ್ ಇರ್ಲಿಲ್ಲ, ಆಗೋಯ್ತು ಅಂದ್ರು ಎಲ್ರೂ. ಭಾಭಿ ಒಂದಿನಾನೂ ಕೇಳ್ಲಿಲ್ಲ. ಕೇಳಿದ್ರೆ ಏನ್ ಹೇಳ್ಲಿ? ಇದನ್ನ ಯಾರ್ಗೂ ಹೇಳ್ಬೇಡಿ ಸಿಸ್ಟ್ರಮ್ಮ, ಅವರ್ಗಂತೂ ಬೇಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನನಗೆ ಲೈಸೆನ್ಸ್ ಸಿಕ್ಕಿತು. ಮೊದಲ ದಿನ ಒಬ್ಬಳೇ ಹೊನ್ನವಳ್ಳಿಗೆ ಹೋಗಿ ಬಂದಾಗ ಅವರು ಶೆಡ್ಡಿನಿಂದ ಹೊರಗೆ ಬಂದು ನಿಂತು, ತಲೆಯಾಡಿಸಿದರು. ವರ್ಷಗಳು ಹೋದವು. ಅತ್ತಿಗೆಯ ಬಳಿ ಅಳತೆ ಕೊಡಲು, ಬಟ್ಟೆ ತರಲು ಎಷ್ಟು ಸಲ ಹೋಗಿದ್ದೇನೋ. ಮಕ್ಕಳ ಓದು, ದೊಡ್ಡವಳ ನಿಖಾ, ಬೋರಿನಲ್ಲಿ ನೀರು ಇಳಿದದ್ದು, ಎಲ್ಲ ಮಾತಾಡಿದ್ದೇವೆ. ಕಿಟಕಿಯಾಚೆ ಮೇಸ್ತ್ರಿ ಯಾವುದೋ ಬಾನೆಟ್ಟಿನೊಳಗೆ ಬಗ್ಗಿರುತ್ತಿದ್ದರು. ರಿಪೇರಿಯಾದ ಕಾರನ್ನು ಹೊರಗೆ ತರಲು ಆಗಲೂ ಬೇರೆಯವರನ್ನೇ ಕರೆಯುತ್ತಿದ್ದರು. ಅತ್ತಿಗೆಗೆ ಹೇಳಿಬಿಡೋಣ ಎನಿಸುತ್ತಿತ್ತು. ಕೊಟ್ಟ ಮಾತು ನೆನಪಾಗಿ ನುಂಗಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತ ಮೇಸ್ತ್ರಿ ಹಾಗೇ ಒರಗಿದರಂತೆ. ಎದೆಯ ನೋವು. ನಾನು ತುರುವೇಕೆರೆಯಲ್ಲಿ ತರಬೇತಿಗೆ ಹೋಗಿದ್ದೆ, ಬರುವಷ್ಟರಲ್ಲಿ ಮಣ್ಣಾಗಿತ್ತು.

ನಲವತ್ತು ದಿನ ಕಳೆದ ಮೇಲೆ ಅತ್ತಿಗೆಯನ್ನು ನೋಡಲು ಹೋದೆ. ಯಂತ್ರಕ್ಕೆ ಬಟ್ಟೆ ಹೊದಿಸಿದ್ದರು. ಮಾತು ಪಡೆದವರೇ ಇಲ್ಲ, ಇನ್ನು ಯಾವ ಮಾತು ಎಂದುಕೊಂಡು ಹೇಳಿಬಿಟ್ಟೆ. ಕೆರೆ ಏರಿಯಲ್ಲಿ ಅವರು ಅಂದದ್ದೆಲ್ಲ ಹೇಳಿದೆ. ಆಕೆ ಕಣ್ಣು ಮಿಟುಕಿಸದೆ ಕೇಳಿದರು.

"ಅವನು ಗೇರಲ್ಲೇ ಬುಟ್ಟಿದ್ದ ಸಿಸ್ಟ್ರೇ," ಎಂದರು. "ನಾನು ಇಲ್ಲೇ ಕೂತಿದ್ದೆ, ಈ ಕಿಟ್ಕೀಲಿ. ಅವನು ಹಿತ್ಲಿಗೆ ಹೋದ್ಮೇಲೆ ನಮ್ಮನೆಯೋರು ಬಾಗ್ಲು ತೆಗ್ದು ಬಗ್ಗಿದ್ರು. ಗೇರ್ ಅಲ್ಲಾಡ್ಸಿದ್ರು. ಗೇರಿಂದ ತೆಗ್ದಿದ್ದು ಅವರೇ. ಆಗ ಕಾರು ಅಲುಗ್ಲಿಲ್ಲ, ಚಕ್ರ ಗುಂಡೀಲಿತ್ತೇನೋ. ಹಿಂದೆ ಹೋಗಿ ಏನೋ ಹಿಡ್ದು ಎಳೆದ್ರು... ಅಷ್ಟೇ."

"ಯಾಕೆ ಹೇಳ್ಲಿಲ್ಲ?" ಎಂದೆ.

"ಸತ್ತೋರ ಮೇಲೆ ತಪ್ಪು ಹಾಕ್ದಂಗಾಗುತ್ತೆ ಅಂತ ಸುಮ್ನಿದ್ದೆ. ಇವನು ಹಿಂಗೆ ಅನ್ಕೊಂಡವ್ನೆ ಅಂತ ನಂಗೇನ್ ಗೊತ್ತು?" ಎಂದವರು ನನ್ನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಲ್ಲ. ಇಷ್ಟು ವರ್ಷ ಬಂದು ಹೋಗ್ತಿದ್ರಿ..." ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಆಕೆ ಈಗ ಹಾಸನದಲ್ಲಿ ಚಿಕ್ಕ ಮಗಳ ಮನೆಯಲ್ಲಿದ್ದಾರೆಂದು ಕೇಳಿದ್ದೇನೆ. ಶೆಡ್ಡು ಇದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ನಾನು ನಿವೃತ್ತಳಾಗಿ ಮೂರು ವರ್ಷವಾಯಿತು. ಯಾವ ಗುಟ್ಟನ್ನು ಕಾಪಾಡಬೇಕು, ಯಾವುದನ್ನು ಮುರಿಯಬೇಕು ಎಂಬುದು ಇಷ್ಟು ವಯಸ್ಸಾದರೂ ನನಗೆ ತಿಳಿದಿಲ್ಲ. ಒಂದೇ ಒಂದು ಸಲ ಮಾತು ತಪ್ಪಿದ್ದರೆ ಆ ಮನುಷ್ಯ ನೆಮ್ಮದಿಯಾಗಿ ಬದುಕುತ್ತಿದ್ದರು ಎಂಬುದಷ್ಟೇ ತಿಳಿದಿದೆ.

ಅವತ್ತು ರೈಲ್ವೆ ಗೇಟು ದಾಟಿದವಳು ಮನೆಗೆ ಹೋಗಲಾಗದೆ ಖಬರಸ್ತಾನದ ಕಾಂಪೌಂಡಿನ ಹೊರಗೆ ಕಾರು ನಿಲ್ಲಿಸಿದೆ. ಒಳಗೆ ಯಾವುದು ಅವರ ಗೋರಿ ಎಂದು ನನಗೆ ಗೊತ್ತಿಲ್ಲ. ಗೋಡೆಯ ಬಳಿ ನಿಂತು ಗಟ್ಟಿಯಾಗಿಯೇ ಹೇಳಿದೆ: "ಮೇಸ್ತ್ರಿಗಳೇ, ನೀವು ಗೇರಲ್ಲೇ ಬಿಟ್ಟಿದ್ರಿ."

ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿ ಮುಂದೆ ಹೋದ. ಇನ್ಯಾರಿಗೂ ಕೇಳಿಸಲಿಲ್ಲ.