ಅಕ್ಕ ತವರಿಗೆ ವೋಟು ಕೇಳಲು ಹೋದದ್ದು

ಅಕ್ಕ ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ನಾನು ಮೊದಲು ನಕ್ಕೆ, ಆಮೇಲೆ ಜಗಳವಾಡಿದೆ, ಕೊನೆಗೆ ಕರಪತ್ರ ಅಚ್ಚು ಹಾಕಿಕೊಟ್ಟೆ. ನಮ್ಮಿಬ್ಬರ ನಡುವೆ ಎಲ್ಲವೂ ಇದೇ ಕ್ರಮದಲ್ಲಿ ನಡೆಯುತ್ತದೆ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನನಗೆ ಗೌರಿಬಿದನೂರಿನಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ವಿಧಾನಸಭೆಗೆ ನಿಂತವಳ ಹಿಂದೆ ಪಕ್ಷವಿರಲಿಲ್ಲ, ನಾನಿದ್ದೆ ಅಷ್ಟೆ.

ಬೆಂಗಳೂರು ನಮ್ಮ ಕಡೆಗೇ ಬೆಳೆದು ಬರುತ್ತಿದೆ, ರಸ್ತೆಯುದ್ದಕ್ಕೂ ಲೇಔಟ್ ಬೋರ್ಡುಗಳು ಎದ್ದಿವೆ, ಇನ್ನೇನು ಬೇಕು ಎಂದು ನಾನು ಕೇಳಿದರೆ ಅವಳಿಗೆ ರೇಗುತ್ತಿತ್ತು. "ಸೈಟ್ ರೇಟ್ ಏರಿದ್ರೆ ಊರು ಬೆಳೀತು ಅಂತಾನಾ? ಹೆರಿಗೆಗೆ ಈಗ್ಲೂ ದೂರದ ಆಸ್ಪತ್ರೆಗೆ ಓಡ್ಬೇಕು ಕಣೋ," ಅನ್ನುವಳು. ಸ್ವಾಗತ ಕಮಾನಿಗೆ ಸರ್ಕಾರದ ಹಣ ಸುರಿಯುವ ಮೊದಲು ಇರುವ ಆಸ್ಪತ್ರೆಗೆ ನರ್ಸ್ ಕೊಡಿ, ಇರುವ ಶಾಲೆಗೆ ಮೇಷ್ಟರನ್ನು ಕೊಡಿ ಎಂಬುದು ಅವಳ ವಾದ. ಕೇಳಲು ಚೆನ್ನಾಗಿತ್ತು. ಆದರೆ ಇಂಥ ಮಾತಿಗೆ ಚಪ್ಪಾಳೆ ಬೀಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅದಕ್ಕೇ ಅವಳನ್ನು ಕೇಳದೆ ಕರಪತ್ರದ ಮೊದಲ ಸಾಲು ನಾನೇ ಸೇರಿಸಿದೆ: ಗೆದ್ದ ಆರು ತಿಂಗಳಲ್ಲಿ ರೈಲ್ವೆ ಗೇಟಿಗೆ ಕೆಳಸೇತುವೆ. ತೊಂಡೇಬಾವಿ ಹತ್ತಿರದ ನಮ್ಮೂರಿಗೆ ಆ ಗೇಟು ದೊಡ್ಡ ಸಂಕಟ. ಊರು ಹಳಿಯ ಈಚೆ, ಹೆರಿಗೆ ಮಾಡಿಸುವ ಆಸ್ಪತ್ರೆ ಆಚೆ; ಈಚೆಯ ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯಿಲ್ಲ. ವರ್ಷಗಳ ಹಿಂದೆ ನಮ್ಮ ಚಿಕ್ಕಮ್ಮನ ಸೊಸೆಯನ್ನು ಹೆರಿಗೆಗೆ ಆಟೋದಲ್ಲಿ ಕರೆದೊಯ್ಯುವಾಗ ಗೇಟು ಹಾಕಿತ್ತು. ಗೂಡ್ಸ್ ಗಾಡಿ ದಾಟುವಷ್ಟರಲ್ಲಿ, ಜೊತೆಗಿದ್ದ ಅಕ್ಕ ಆಟೋದಲ್ಲೇ ಹೆರಿಗೆ ಮಾಡಿಸಿದ್ದಳು. ಅಂದು ಹುಟ್ಟಿದ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಉಳಿದ ಅಭ್ಯರ್ಥಿಗಳೆಲ್ಲ ಸೇತುವೆ ಕೊಡುತ್ತೇವೆ ಎನ್ನುತ್ತಿರುವಾಗ ನಮ್ಮಕ್ಕ ಸುಮ್ಮನಿದ್ದು ತವರಿನಲ್ಲೇ ಮುಖಭಂಗವಾದರೆ ಎಂಬ ಭಯ ನನಗೆ.

ನಾವು ಊರಿಗೆ ಹೋದಾಗ ಅಕ್ಕ ಅಭ್ಯರ್ಥಿ ಎಂಬುದನ್ನೇ ಎಲ್ಲರೂ ಮರೆತಂತಿತ್ತು. ಚಿಕ್ಕಮ್ಮ ಅವಳನ್ನು ಜಗಲಿಯ ಮೇಲೆ ಮಣೆ ಹಾಕಿ ಕೂರಿಸಿ, ಅರಿಸಿನ ಕುಂಕುಮ ಕೊಟ್ಟು, ಸೆರಗಿನೊಳಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಮಡಿಲು ತುಂಬಿದರು. ತವರಿಗೆ ಬಂದ ಮಗಳನ್ನು ಬರಿಗೈಲಿ ಕಳಿಸುವುದುಂಟೆ? ಬೀದಿಯ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಒಂದೊಂದು ಹಿಡಿ ಅಕ್ಕಿ ಹಾಕಿದರು. ನನಗೆ ಒಳಗೊಳಗೇ ಖುಷಿ.

ಆಗ ಚಿಕ್ಕಮ್ಮ ಕೇಳಿದರು, "ಅಮ್ಮಾಯಿ, ಆರು ತಿಂಗಳಿಗೆ ಸೇತುವೆ ಆಯ್ತದೆ ಅಂತ ಕಾಗದದಲ್ಲಿ ಹಾಕಿದ್ದೀಯಂತೆ. ನಿಜವಾ?"

ಅಕ್ಕ ನನ್ನ ಕಡೆ ನೋಡಿದಳು. ಚಿಕ್ಕಂದಿನಲ್ಲಿ ನಾನು ಅವಳ ಪೆನ್ನು ಕದ್ದು ಸಿಕ್ಕಿಬಿದ್ದಾಗ ನೋಡುತ್ತಿದ್ದಳಲ್ಲ, ಅದೇ ನೋಟ.

"ಅದು ನನ್ನ ಮಾತಲ್ಲ ಚಿಕ್ಕಮ್ಮ. ಸೇತುವೆಗೆ ರೈಲ್ವೆಯವರು ಒಪ್ಪಬೇಕು, ರಾಜ್ಯದೋರೂ ದುಡ್ಡು ಹಾಕ್ಬೇಕು. ನಾನು ಕೇಳ್ತಾನೇ ಇರ್ತೀನಿ, ಆದ್ರೆ ಆರು ತಿಂಗಳಲ್ಲಿ ಆಗಲ್ಲ. ಗೇಟಿನ ಈಚೆ ಇರೋ ಸಣ್ಣ ಆಸ್ಪತ್ರೆಗೆ ಶಾಸಕರ ಅನುದಾನದಲ್ಲಿ ಹೆರಿಗೆ ಕೋಣೆ ಕಟ್ಟಿಸ್ಬೋದು. ನರ್ಸ್ ಹಾಕ್ಸೋಕೆ ಜಗಳ ಆಡ್ಬೋದು. ನನ್ನ ಕೈಲಾಗೋದು ಅಷ್ಟೇ."

ಅಕ್ಕ ಎರಡೂ ಕೈಯಲ್ಲಿ ಸೆರಗು ಹಿಡಿದು ಮುಂದೆ ಚಾಚಿದಳು. "ಸೇತುವೆ ನಂಬ್ಕೊಂಡು ಹಾಕಿದ್ರೆ ಈ ಅಕ್ಕಿ ವಾಪಸ್ ತಗೊಳ್ಳಿ."

ಚಿಕ್ಕಮ್ಮನಿಗೆ ಸಿಟ್ಟು ಬಂತು. "ಮಡಿಲಿಗೆ ಹಾಕಿದ್ದನ್ನ ವಾಪಸ್ ತಗೋತಾರೇನೇ? ವೋಟಿನ ಮಾತು ಬೇರೆ, ಇದು ಬೇರೆ. ಗಂಟು ಕಟ್ಕೋ."

ವಾಪಸು ಬರುವಾಗ ಕಾರಿನಲ್ಲಿ ನಾನು ಬಾಯಿಗೆ ಬಂದಂತೆ ಬೈದೆ. ಅವಳು ತೊಡೆಯ ಮೇಲಿನ ಅಕ್ಕಿ ಗಂಟನ್ನು ಹಿಡಿದುಕೊಂಡು ಕೂತಿದ್ದಳು. ಆ ಕರಪತ್ರಗಳನ್ನು ಮತ್ತೆ ಹಂಚಲು ಬಿಡಲಿಲ್ಲ.

ಅಕ್ಕ ಸೋತಳು. ನಮ್ಮೂರಿನಲ್ಲೂ ಬಿದ್ದದ್ದು ಬೆರಳೆಣಿಕೆಯ ಮತ. ಅದನ್ನು ಕೇಳಿದ ದಿನ ಅವಳು ಊಟ ಮಾಡಲಿಲ್ಲ. ಹೇಳಿದ್ದು ನಿಜವೇ ಆದರೂ ತವರಿನವರು ಕೈಬಿಟ್ಟರಲ್ಲ ಎಂಬ ನೋವು ಅವಳಿಗೆ. ಆ ಸುಳ್ಳು ಸಾಲು ನಾನು ಬರೆಯದಿದ್ದರೆ ಅವಳು ಅಷ್ಟು ಜನರೆದುರು ನಿಂತು ಇಲ್ಲ ಎನ್ನಬೇಕಾಗಿರಲಿಲ್ಲ. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

ಮೂರನೆಯ ದಿನ ಬೆಳಿಗ್ಗೆ ಚಿಕ್ಕಮ್ಮ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ನನ್ನ ಪ್ರೆಸ್ಸಿಗೇ ಬಂದರು. ಅಕ್ಕನೂ ಅಲ್ಲಿದ್ದಳು.

"ನಾನು ನಿಂಗೆ ಹಾಕ್ಲಿಲ್ಲ ಕಣಮ್ಮ," ಎಂದರು ಚಿಕ್ಕಮ್ಮ, ಕೂರುವ ಮೊದಲೇ. "ಸೇತುವೆ ಮಾಡ್ತೀನಿ ಅಂದೋನಿಗೆ ಹಾಕ್ದೆ. ಆಸೆ ನೋಡು. ಗೆದ್ದೂ ಬಿಟ್ಟ. ಈಗ ಅವನ ಹತ್ರ ಹೋಗಿ ಹೆರಿಗೆ ಕೋಣೆ ಕೇಳ್ಬೇಕು. ನಮ್ಗೆ ಕೇಳಕ್ಕೆ ಬರಲ್ಲ. ನೀನೇ ಬರ್ಬೇಕು."

ಅಕ್ಕ ಅವರನ್ನೇ ನೋಡುತ್ತ ನಿಂತಳು. ಆಮೇಲೆ ನಗತೊಡಗಿದವಳು ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು. "ಅರ್ಜಿ ಟೈಪ್ ಮಾಡೋ," ಎಂದಳು ನನಗೆ. "ಈ ಸಲ ನಾನು ಹೇಳಿದಷ್ಟೇ ಬರಿ."

ಹೇಳಿದಷ್ಟೇ ಬರೆದೆ. ಕೊನೆಗೆ, ಸಹಿಯ ಕೆಳಗೆ ಏನು ಹಾಕಲಿ, ಸೋತ ಅಭ್ಯರ್ಥಿ ಅಂತಲಾ ಎಂದು ಅವಳನ್ನು ರೇಗಿಸಿದೆ.

ಉತ್ತರ ಕೊಟ್ಟವರು ಚಿಕ್ಕಮ್ಮ. "ನಮ್ಮೂರ ಮಗಳು ಅಂತ ಹಾಕಪ್ಪ."