ಎರಡು ಮನೆಯ ಬಾವಿ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ನೀರಿನ ಟಾಕಿ ತೊಳೆದರು. ಮೆಟ್ಟಿಲ ತುಂಬ ಬ್ಲೀಚಿಂಗ್ ಪೌಡರಿನ ವಾಸನೆ. ತರಕಾರಿ ಚೀಲ ಹಿಡಿದು ಹತ್ತುತ್ತಿದ್ದವಳು ಎರಡನೇ ಮಹಡಿಯಲ್ಲಿ ನಿಂತುಬಿಟ್ಟೆ. ಶಹಾಪುರದ ನಮ್ಮ ಪಕ್ಕದ ಮನೆಯ ಮಾವಶಿ ನೆನಪಾದರು...

ಮನೆಮಾತು ಮರಾಠಿಯಾಗಿದ್ದ ಅವರನ್ನು ಓಣಿಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡಿದ್ದರು, ಮಗಳನ್ನು ಖಾನಾಪುರಕ್ಕೆ ಕೊಟ್ಟಿದ್ದರು. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವಿನ ಗೋಡೆ ಬಾವಿಯ ಮೇಲೆಯೇ ಹಾದುಹೋಗಿತ್ತು. ಅರ್ಧ ಬಾವಿ ನಮ್ಮ ಕಡೆ, ಅರ್ಧ ಅವರ ಕಡೆ. ಬೇಸಿಗೆಯಲ್ಲಿ ನಳ ಎಂಟು ಹತ್ತು ದಿನಕ್ಕೊಮ್ಮೆ ಬರುತ್ತಿದ್ದಾಗ ಹೆಂಗಸರು ಕೊಡ ಹಿಡಿದು ಮಾವಶಿಯ ಹಿತ್ತಲಿಗೇ ಹೋಗುತ್ತಿದ್ದರು. ನಮ್ಮ ಬಾಗಿಲು ತೆರೆಯಲು ಅಪ್ಪ ಬಿಡುತ್ತಿರಲಿಲ್ಲ. ಮಾವಶಿ ಆಗಾಗ ಬಗ್ಗಿ ನೋಡಿ, ತಳದ ಕಲ್ಲಿನ ಸಾಲು ಕಂಡ ಕೂಡಲೇ ಹಗ್ಗ ಮೇಲಕ್ಕೆ ಎಳೆಸುತ್ತಿದ್ದರು.

“ಒಂದ ತಾಸ ತಡೀರಿ. ಸೆಲಿ ಬರಲಿ. ಎಲ್ಲಾರಿಗೂ ಸಿಗತೈತಿ.”

ಯಾರೂ ಎದುರಾಡುತ್ತಿರಲಿಲ್ಲ. ಒಂದು ತಾಸಿಗೆ ಸೆಲೆಯೊಡೆದು ನೀರು ಏರುತ್ತಿತ್ತು.

ನಾನು ಹತ್ತನೇ ತರಗತಿಯಲ್ಲಿದ್ದಾಗ ಅಪ್ಪ ಹಿತ್ತಲಲ್ಲಿ ಪಾಯಖಾನೆ ಕಟ್ಟಿಸಲು ಹೊರಟರು. ಅದರ ಗುಂಡಿಗೆ ಬಾವಿಯಿಂದ ಎಂಟು ಹತ್ತು ಹೆಜ್ಜೆ ದೂರದಲ್ಲಿ ಗುರುತು ಹಾಕಿಸಿದರು. ಅಂದು ಸಂಜೆ ಮಾವಶಿ ಬಂದರು.

“ಅಣ್ಣಾರ, ಗುಂಡಿ ರಸ್ತೆ ಬಾಜೂಕ ತಗಸ್ರಿ. ಗ್ವಾಡಿ ಮ್ಯಾಲಷ್ಟ ಐತಿ. ಕೆಳಗ ನೀರು ಒಂದ.”

“ಮುಂದ ಜಾಗಾ ಎಲ್ಲೈತ್ರಿ ಅಕ್ಕಾರ? ಇನ್ನ ನಳಾ ದಿನಾ ಬರತಾವಂತ. ಬಾವಿ ಯಾರಿಗಿ ಬೇಕು?”

ಮಾವಶಿ ನಾನು ಕೊಟ್ಟ ಚಹಾ ಪೂರ್ತಿ ಕುಡಿದು, ಕಪ್ಪು ಬಸಿಯನ್ನು ನನ್ನ ಕೈಗಿತ್ತು ಹೋದರು. ಗುಂಡಿ ಗುರುತು ಹಾಕಿದಲ್ಲೇ ಆಯಿತು. ಅಂದಿನಿಂದ ಅವ್ವ ಕುಡಿಯುವ ನೀರು ಕಾಯಿಸತೊಡಗಿದಳು. ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಮರುವರ್ಷ ಮಳೆಗಾಲದಲ್ಲಿ ಎಲ್ಲೋ ಪೈಪು ಒಡೆದು ವಾರವಿಡೀ ನಳ ಬರಲಿಲ್ಲ. ಹೊರಗೆ ಸುರಿಯುವ ಮಳೆ, ಒಳಗೆ ಖಾಲಿ ಕೊಡ. ಓಣಿಯವರು ಮತ್ತೆ ಮಾವಶಿಯ ಬಾಗಿಲಿಗೆ ಬಂದರು. ಬಾವಿ ಕೈಗೆಟಕುವಷ್ಟು ತುಂಬಿತ್ತು. ನೋಡಲು ನೀರು ತಿಳಿಯಾಗಿಯೇ ಇತ್ತು. ನಾಲ್ಕೇ ದಿನಕ್ಕೆ ಮೂರು ಮಕ್ಕಳಿಗೆ ವಾಂತಿಭೇದಿ. ಒಂದು ಕೂಸನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆರೋಗ್ಯ ಇಲಾಖೆಯವರು ಬಂದು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಈ ನೀರು ಕುಡಿಯಬೇಡಿ ಎಂದು ಹೇಳಿಹೋದರು. ಆ ವಾಸನೆ ಗೋಡೆಯ ಎರಡೂ ಕಡೆ ಹಬ್ಬಿತ್ತು.

ಆ ಕೂಸಿನ ತಾಯಿ ಮಾವಶಿಯ ಹಿತ್ತಲಲ್ಲಿ ನಿಂತು ಕೂಗಾಡಿದಳು. “ನಿಮ್ಮ ಬಾವೀ ನೀರ ಕುಡದ ನನ್ನ ಕೂಸು ಸಾಯೂದಿತ್ರಿ! ಒಂದ ಸಲಾನರ ಬಾವಿ ತೊಳಸೀರೇನು?”

ನಾನು ಗೋಡೆಯ ಈಚೆ ಬಟ್ಟೆ ಹಿಂಡುತ್ತಿದ್ದೆ. ಈಗ ಮಾವಶಿ ನಮ್ಮ ಗುಂಡಿಯ ಮಾತು ತೆಗೆಯುತ್ತಾರೆ ಎಂದುಕೊಂಡು ಕೈ ನಿಲ್ಲಿಸಿದೆ.

“ತಪ್ಪಾತವಾ,” ಎಂದರು ಮಾವಶಿ. “ಗೊತ್ತಿದ್ದೂ ಕೊಟ್ಟೆ.”

ಗೊತ್ತಿದ್ದದ್ದು ಏನೆಂದು ಆ ತಾಯಿ ಕೇಳಲಿಲ್ಲ. ನನಗೆ ಗೊತ್ತಿತ್ತು. ಮತ್ತೆ ಬಟ್ಟೆ ಹಿಂಡತೊಡಗಿದೆ.

ಕೂಸು ಬದುಕಿ ಮನೆಗೆ ಬಂತು. ಮಾವಶಿ ತಮ್ಮ ಕಡೆಯ ಬಾವಿಗೆ ತಗಡು ಮುಚ್ಚಿಸಿದರು, ಅಪ್ಪ ನಮ್ಮ ಕಡೆಯದಕ್ಕೆ. ಓಣಿಯವರು ಅವರೊಡನೆ ಮಾತು ಕಡಿಮೆ ಮಾಡಿದರು. ದೀಪಾವಳಿಯ ಹೊತ್ತಿಗೆ ಮಾವಶಿ ಮನೆಗೆ ಬೀಗ ಹಾಕಿ ಮಗಳ ಮನೆಗೆ ಹೊರಟುಹೋದರು.

ಕೆಲವು ವರ್ಷಗಳ ಮೇಲೆ, ತಪ್ಪು ನಮ್ಮ ಗುಂಡಿಯದೆಂದು ಹೇಳಬೇಕೆಂದೇ, ಖಾನಾಪುರಕ್ಕೆ ಹೋದೆ. ಮಾವಶಿ ತಂಬಿಗೆಯಲ್ಲಿ ನೀರು ಕೊಟ್ಟು ಎದುರಿಗೆ ಕೂತರು.

“ಈಗ ನಳಾ ದಿನಾ ಬರತಾವೇನ, ಮಗಳ?”

“ಇಲ್ರಿ ಮಾವಶಿ. ಮೂರ್ನಾಕ ದಿನಕ್ಕೊಮ್ಮೆ.”

ತಲೆಯಾಡಿಸಿದರು. ಆಮೇಲೆ ಅವರ ಮೊಣಕಾಲು ನೋವು, ನನ್ನ ನೌಕರಿ... ಬಸ್ಸಿನ ಹೊತ್ತಾಯಿತು. ಮರುವರ್ಷ ಅವರು ತೀರಿಕೊಂಡರು. ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ. ಅಳು ಬರಲಿಲ್ಲ. ಅಂದು ಸಂಜೆ ಎಂದಿನಂತೆ ರೊಟ್ಟಿ ಬಡಿದೆ.

ಮೊನ್ನೆ ಶಹಾಪುರಕ್ಕೆ, ನನ್ನ ತಮ್ಮನಿರುವ ಹಳೆಯ ಮನೆಗೆ ಹೋಗಿದ್ದೆ. ಮತ್ತೆ ತೆರೆಸಲೆಂದು ಹಳೆಯ ಬಾವಿಗಳ ಪಟ್ಟಿ ಮಾಡುವ ಪಾಲಿಕೆಯವನೊಬ್ಬ ಬಂದು, ಇದನ್ನು ಯಾಕೆ ಮುಚ್ಚಿದಿರಿ ಎಂದು ಕೇಳಿದ.

“ನಮ್ಮ ಪಾಯಖಾನಿ ಗುಂಡಿ ನೀರ ಸೇರಿ ಕೆಟ್ಟಿತ್ರಿ,” ಎಂದೆ. “ಆ ಕಡೆ ಮನಿಯವರದ ಏನೂ ತಪ್ಪಿಲ್ಲ.”

ತಮ್ಮ ನನ್ನ ಮುಖ ನೋಡಿದ. ಬಂದವನು ತಲೆಯೆತ್ತದೆ ಬರೆದುಕೊಂಡ.

“ಮತ್ತ ತೆರಸಾಕ ಅವರ ಒಪ್ಪಿಗಿ ಬೇಕಾಗತೈತ್ರಿ. ಎಲ್ಲಿ ಅದಾರ ಅವರು?”

“ಇಲ್ಲ,” ಎಂದೆ.